ಇದ್ದಿಲಿನ ಗುಣ ಮತ್ತು ಶಕ್ತಿಯನ್ನು ಅಳೆಯುವುದು ಹೇಗೆ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸ. ಓದುಗರ ಅನುಕೂಲಕ್ಕಾಗಿ ಅಲ್ಲಲ್ಲಿ ವಿಸ್ತರಿಸಲಾಗಿದೆ.)



ಮೊದಲಿಗೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಉರ್ದು ಮತ್ತು ಕನ್ನಡ ಕಲಿಸುವ ಮಾಸ್ತರ. ವಿಜ್ಞಾನದ ಶಿಕ್ಷಕನಲ್ಲ. ಹಾಗಿದ್ದರೂ ಇಂದು ಇದ್ದಿಲಿನ ಬಗ್ಗೆ ಮಾತನಾಡಲು ನಿಂತಿದ್ದೇನೆ. ಅದಕ್ಕೆ ಕಾರಣ ಒಬ್ಬ ಹುಡುಗನ ಪ್ರಬಂಧ.

ಒಮ್ಮೆ ಒಂಬತ್ತನೆಯ ತರಗತಿಯವರಿಗೆ "ನಮ್ಮ ಮನೆಯವರ ದುಡಿಮೆ" ಎಂಬ ವಿಷಯ ಕೊಟ್ಟಿದ್ದೆ. ಒಬ್ಬ ಹುಡುಗ ಹೀಗೆ ಬರೆದಿದ್ದ: "ನಮ್ಮಪ್ಪ ಜಾಲಿ ಕಡಿದು ಇದ್ದಲಿ ಸುಡತಾನ. ಮಾಲು ತಗೊಳ್ಳಾವ ಹಸಿ ಅದ ಅಂತ ಹೇಳಿ ಚೀಲಕ್ಕ ನಾಕ ಕಿಲೋ ಮುರಕೋತಾನ. ಹಸಿ ಅಂದ್ರ ಎಷ್ಟ ಹಸಿ ಅಂತ ನಮ್ಮಪ್ಪಗೂ ಗೊತ್ತಿಲ್ಲ, ಅವಗೂ ಗೊತ್ತಿಲ್ಲ."

ನಾನು ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದಿದೆ. ಆಡುಮಾತನ್ನು ಬರಹದ ಭಾಷೆಗೆ ತಂದೆ. ಆದರೆ ಆ ಪ್ರಶ್ನೆಗೆ ಉತ್ತರ ನನ್ನ ಬಳಿ ಇರಲಿಲ್ಲ. ಹಸಿ ಅಂದರೆ ಎಷ್ಟು ಹಸಿ? ಚೀಲ 40 ಕಿಲೋದ್ದು. ನಾಲ್ಕು ಕಿಲೋ ಎಂದರೆ ಹತ್ತರಲ್ಲಿ ಒಂದು ಪಾಲು. ಹತ್ತು ಚೀಲ ಸುಟ್ಟವನು ಒಂದು ಚೀಲವನ್ನು ಸುಮ್ಮನೆ ಕೊಟ್ಟ ಹಾಗೆ. ಅದು ನ್ಯಾಯವೋ ಅನ್ಯಾಯವೋ ಎಂದು ಹೇಳಬೇಕಾದರೆ ಮೊದಲು ಅಳೆಯಬೇಕು. ನಮ್ಮ ಶಾಲೆಯ ವಿಜ್ಞಾನ ಶಿಕ್ಷಕರ ಸಹಾಯದಿಂದ ನಾನು ಓದಿ ತಿಳಿದುಕೊಂಡದ್ದನ್ನು, ಮಕ್ಕಳೊಂದಿಗೆ ಮಾಡಿ ನೋಡಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಹೆಸರಿನಿಂದ ಆರಂಭಿಸೋಣ

ಭಾಷೆಯ ಮಾಸ್ತರನಾದ್ದರಿಂದ ಹೆಸರಿನಿಂದಲೇ ಆರಂಭಿಸುತ್ತೇನೆ. ಪುಸ್ತಕದಲ್ಲಿ ಇದ್ದಿಲು ಎಂದಿರುತ್ತದೆ, ನಮ್ಮ ಕಡೆ ಇದ್ದಲಿ ಎನ್ನುತ್ತೇವೆ, ಉರ್ದುವಿನಲ್ಲಿ ಕೋಯ್ಲಾ. ನೆಲದಡಿಯಿಂದ ತೆಗೆಯುವುದನ್ನು ಕನ್ನಡದಲ್ಲಿ ಕಲ್ಲಿದ್ದಲು ಎನ್ನುತ್ತಾರೆ, ಉರ್ದುವಿನಲ್ಲಿ ಪತ್ಥರ್ ಕಾ ಕೋಯ್ಲಾ. ಎರಡೂ ಭಾಷೆಯವರು ಕೂಡಿ ಮಾತನಾಡಿಕೊಂಡ ಹಾಗೆ ಒಂದೇ ಅರ್ಥದ ಹೆಸರು ಇಟ್ಟಿದ್ದಾರೆ: ಕಲ್ಲಿನ ಇದ್ದಿಲು. ಜನರಿಗೆ ಮೊದಲು ಗೊತ್ತಿದ್ದದ್ದು ಕಟ್ಟಿಗೆಯ ಇದ್ದಿಲು, ಗಣಿಯದು ಆಮೇಲೆ ಬಂದದ್ದು ಎಂಬುದಕ್ಕೆ ಈ ಹೆಸರುಗಳೇ ಸಾಕ್ಷಿ.

ಇವೆರಡೂ ಬೇರೆ ಬೇರೆ. ಕಲ್ಲಿದ್ದಲು ಕೋಟ್ಯಂತರ ವರ್ಷ ನೆಲದಡಿ ಒತ್ತಡಕ್ಕೆ ಸಿಕ್ಕಿ ಆದದ್ದು. ಕಟ್ಟಿಗೆಯ ಇದ್ದಿಲು ಒಂದೆರಡು ವಾರದಲ್ಲಿ ಮನುಷ್ಯನ ಕೈಯಲ್ಲಿ ಆಗುವಂಥದ್ದು. ನಮ್ಮ ನೆರೆಯ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ತಯಾರಿಸುತ್ತಿರುವುದು ಕಲ್ಲಿದ್ದಲಿನಿಂದ. ವಿದ್ಯುತ್ ಸ್ಥಾವರಗಳಲ್ಲಿ ಉರಿಸುವ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 30ಕ್ಕಿಂತ ಹೆಚ್ಚು ಪಾಲು ಬೂದಿಯೇ ಇರುತ್ತದೆ. ಒಳ್ಳೆಯ ಕಟ್ಟಿಗೆ ಇದ್ದಿಲಿನಲ್ಲಿ ಬೂದಿ ನೂರಕ್ಕೆ 3ರಿಂದ 5. ಗಂಧಕವಂತೂ ಇಲ್ಲವೆನ್ನುವಷ್ಟು ಕಡಿಮೆ.

ಈ ಕಾರಣದಿಂದಲೇ ಇದ್ದಿಲು ಒಂದು ಕಾಲಕ್ಕೆ ದೊಡ್ಡ ಕಾರ್ಖಾನೆಯನ್ನೇ ನಡೆಸಿತು. ಕರ್ನಾಟಕದಲ್ಲಿ ಕಬ್ಬಿಣದ ಅದಿರು ಹೇರಳ, ಆದರೆ ಕಲ್ಲಿದ್ದಲಿನ ಗಣಿ ಇಲ್ಲ. ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಕುಲುಮೆಗೆ ಹಾಕಿದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲು. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಸಿ, ಇದ್ದಿಲಿನ ಜೊತೆಗೆ ಹೊಗೆಯನ್ನೂ ಹಿಡಿದು ತಂಪು ಮಾಡಿ, ಅದರಿಂದ ಮರದ ಸಾರಾಯಿ ಎನ್ನುವ ಮೆಥನಾಲ್ ಮತ್ತು ಡಾಂಬರನ್ನು ತೆಗೆಯುವ ವಿಭಾಗವೂ ಅಲ್ಲಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಆ ಕಾರ್ಖಾನೆಗಾಗಿ ಶ್ರಮಿಸಿದ್ದನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಆ ಕುಲುಮೆಯೊಳಗೆ ಇದ್ದದ್ದು ನಮ್ಮ ಊರಿನ ಇಸ್ತ್ರಿ ಪೆಟ್ಟಿಗೆಯೊಳಗಿನ ವಸ್ತುವೇ ಎಂಬುದನ್ನು ನೆನಪಿಡಿ.

ಈಗಲೂ ನಮ್ಮ ಮೂರು ಊರುಗಳಲ್ಲಿ ಇದ್ದಿಲು ಬೇಕಾದ ಕೆಲಸಗಳು ಇವೆ. ಇಸ್ತ್ರಿ ಮಾಡುವವರು, ತಾಮ್ರ ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವವರು, ಕುಡಗೋಲು ಕುಳ ಹಣಿಯುವ ಕಮ್ಮಾರರು, ಕಬಾಬಿನ ಅಂಗಡಿಯವರು ಇದನ್ನು ಬಲ್ಲರು. ಮದುವೆಯ ಬಿರಿಯಾನಿಗೆ ದಮ್ ಕೊಡುವಾಗ ದೇಗಿನ ಮುಚ್ಚಳದ ಮೇಲೆ ಹರಡುವ ಕೆಂಡವೂ ಇದೇ. ಗ್ಯಾಸ್ ಮತ್ತು ಕರೆಂಟು ಬಂದ ಮೇಲೆ ಬಳಕೆ ಕಡಿಮೆಯಾಗಿದೆ, ನಿಂತಿಲ್ಲ.

ಭಟ್ಟಿಯೊಳಗೆ ಏನಾಗುತ್ತದೆ?

ಗುಣ ಅಳೆಯುವ ಮೊದಲು ಆ ಗುಣ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯಬೇಕು. ಅದು ಹುಟ್ಟುವುದು ಎರಡು ಕಡೆ: ಮರದಲ್ಲಿ ಮತ್ತು ಭಟ್ಟಿಯಲ್ಲಿ.

ನಮ್ಮ ಕಡೆ ಇದ್ದಿಲಿಗೆ ಹೆಚ್ಚಾಗಿ ಬಳಸುವುದು ಬಳ್ಳಾರಿ ಜಾಲಿ. ಇದು ನಮ್ಮ ನಾಡಿನ ಗಿಡವಲ್ಲ, ಅಮೆರಿಕ ಖಂಡದ್ದು. 19ನೆಯ ಶತಮಾನದಲ್ಲಿ ಭಾರತಕ್ಕೆ ತಂದರು. ಕುರಿ ಮೇಕೆಗಳು ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹಾಕುತ್ತವೆ, ಅಲ್ಲೆಲ್ಲ ಗಿಡ ಏಳುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ಬದಿ, ಕೆರೆಯ ಅಂಗಳ, ಬೀಳು ಹೊಲ, ಎಲ್ಲಿ ನೋಡಿದರೂ ಅದೇ. ಕಡಿದರೆ ಮತ್ತೆ ಚಿಗುರುತ್ತದೆ. ಹೊಲದವರಿಗೆ ಅದು ಶತ್ರು, ಭಟ್ಟಿಯವರಿಗೆ ಅನ್ನ. ಅದರ ಕಟ್ಟಿಗೆ ಗಟ್ಟಿ ಮತ್ತು ಭಾರ, ಆದ್ದರಿಂದ ಇದ್ದಿಲೂ ಗಟ್ಟಿ. ನಮ್ಮದೇ ಆದ ಕರಿಜಾಲಿಯ ಇದ್ದಿಲೂ ಒಳ್ಳೆಯದೇ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಹಗುರ, ಅದರ ಇದ್ದಿಲು ಬೇಗ ಪುಡಿಯಾಗುತ್ತದೆ.

ಇನ್ನು ಭಟ್ಟಿ. ಕಟ್ಟಿಗೆಯನ್ನು ಒತ್ತಾಗಿ ಜೋಡಿಸಿ, ಮೇಲೆ ಹುಲ್ಲು ಸೊಪ್ಪು ಹೊದಿಸಿ, ಮಣ್ಣು ಮೆತ್ತಿ, ಸಣ್ಣ ಕಿಂಡಿಗಳನ್ನಷ್ಟೇ ಬಿಟ್ಟು ಬೆಂಕಿ ಕೊಡುತ್ತಾರೆ. ಒಳಗೆ ಗಾಳಿ ಸಾಲದು. ಆದ್ದರಿಂದ ಕಟ್ಟಿಗೆ ಉರಿದು ಬೂದಿಯಾಗುವುದಿಲ್ಲ, ಬೇಯುತ್ತದೆ. ಮೊದಲು ನೀರು ಆವಿಯಾಗಿ ದಟ್ಟವಾದ ಬಿಳಿ ಹೊಗೆ ಬರುತ್ತದೆ. ಸುಮಾರು 270 ಡಿಗ್ರಿ ದಾಟಿದ ಮೇಲೆ ಕಟ್ಟಿಗೆ ತನ್ನಿಂದ ತಾನೇ ಒಡೆಯತೊಡಗಿ ಡಾಂಬರು, ಆಮ್ಲ, ಅನಿಲಗಳನ್ನು ಹೊರಗೆ ಹಾಕುತ್ತದೆ. ಹೊಗೆ ತೆಳುವಾಗಿ ನೀಲಿಯಾಗುತ್ತದೆ. ಕೊನೆಗೆ ಹೊಗೆಯೇ ಕಾಣುವುದಿಲ್ಲ. ಆಗ ಕಿಂಡಿ ಮುಚ್ಚದಿದ್ದರೆ ಒಳಗಿನ ಇದ್ದಿಲೇ ಉರಿದುಹೋಗುತ್ತದೆ. ರಾತ್ರಿಯಿಡೀ ನಿದ್ದೆಗೆಟ್ಟು ಹೊಗೆಯ ಬಣ್ಣ ನೋಡುವ ಆ ತಂದೆಗೆ ಥರ್ಮಾಮೀಟರ್ ಗೊತ್ತಿಲ್ಲದಿರಬಹುದು, ಆದರೆ ಅವನು ಮಾಡುತ್ತಿರುವುದು ಉಷ್ಣತೆಯ ಅಳತೆಯನ್ನೇ.

ಭಟ್ಟಿ ಎಷ್ಟು ಕಾಯಿತು ಎಂಬುದರ ಮೇಲೆ ಇದ್ದಿಲಿನ ಗುಣ ನಿಂತಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1980ರ ದಶಕದಲ್ಲಿ ಇದ್ದಿಲಿನ ಮೇಲೆ ಪುಸ್ತಕಗಳನ್ನು ಪ್ರಕಟಿಸಿತು. ಅದರಲ್ಲಿನ ಲೆಕ್ಕ ಹೀಗಿದೆ. 300 ಡಿಗ್ರಿಯಲ್ಲಿ ಬೇಯಿಸಿದರೆ ನೂರು ಕಿಲೋ ಒಣ ಕಟ್ಟಿಗೆಗೆ 42 ಕಿಲೋ ಇದ್ದಿಲು ಸಿಗುತ್ತದೆ, ಆದರೆ ಅದರಲ್ಲಿ ಸ್ಥಿರ ಇಂಗಾಲ ನೂರಕ್ಕೆ 68 ಮಾತ್ರ. 500 ಡಿಗ್ರಿಯಲ್ಲಿ 33 ಕಿಲೋ ಸಿಗುತ್ತದೆ, ಇಂಗಾಲ 86. 700 ಡಿಗ್ರಿಯಲ್ಲಿ 30 ಕಿಲೋ, ಇಂಗಾಲ 92. ಗುಣ ಹೆಚ್ಚಾದಂತೆ ತೂಕ ಇಳಿಯುತ್ತದೆ. ಬರೀ ತೂಕಕ್ಕೆ ಹಣ ಕೊಡುವ ಪೇಟೆಯಲ್ಲಿ ಚೆನ್ನಾಗಿ ಬೇಯಿಸಿದವನಿಗೇ ನಷ್ಟ. ಈ ಅಂಶವನ್ನು ನಾವು ಮುಖ್ಯವಾಗಿ ಗಮನಿಸಬೇಕು.

ಅಳೆಯಬೇಕಾದ ನಾಲ್ಕು ಸಂಗತಿಗಳು

ಇದ್ದಿಲಿನ ತುಂಡೊಂದರಲ್ಲಿ ನಾಲ್ಕು ಪಾಲುಗಳಿವೆ.

ಒಂದು, ತೇವಾಂಶ. ತೂಗಿದ ಮಾದರಿಯನ್ನು 105 ಡಿಗ್ರಿಯಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗುತ್ತಾರೆ. ಕಡಿಮೆಯಾದ ತೂಕವೇ ನೀರು. ಭಟ್ಟಿಯಿಂದ ಆಗಷ್ಟೇ ತೆಗೆದ ಇದ್ದಿಲಿನಲ್ಲಿ ನೀರು ತೀರ ಕಡಿಮೆ. ಆದರೆ ಅದು ಗಾಳಿಯಲ್ಲಿನ ತೇವವನ್ನು ತಾನೇ ಹೀರಿಕೊಳ್ಳುತ್ತದೆ. ಆದ್ದರಿಂದ ನೂರಕ್ಕೆ 5ರಷ್ಟು ತೇವ ಸಹಜ. ಮಳೆಗೆ ನೆನೆದರೆ, ನೀರು ಚಿಮುಕಿಸಿ ಆರಿಸಿದರೆ 10, 15ಕ್ಕೆ ಏರುತ್ತದೆ.

ಎರಡು, ಆವಿಯಾಗುವ ವಸ್ತು. ಬೇಯುವಾಗ ಪೂರ್ತಿ ಹೊರಗೆ ಹೋಗದೆ ಒಳಗೆ ಉಳಿದ ಡಾಂಬರು ಮತ್ತು ಅನಿಲ. ಪ್ರಯೋಗಾಲಯದಲ್ಲಿ ಮುಚ್ಚಳವಿರುವ ಮೂಸೆಯಲ್ಲಿಟ್ಟು, ಗಾಳಿ ತಾಗದಂತೆ, 900 ಡಿಗ್ರಿಗೂ ಮೇಲೆ ಕೆಲವು ನಿಮಿಷ ಕಾಸಿ ಇದನ್ನು ಕಂಡುಹಿಡಿಯುತ್ತಾರೆ. ಇದು ಹೆಚ್ಚಿದ್ದರೆ ಇದ್ದಿಲು ಬೇಗ ಹತ್ತುತ್ತದೆ, ಆದರೆ ಹೊಗೆ ಮತ್ತು ವಾಸನೆ ಇರುತ್ತದೆ. ಕಡಿಮೆ ಇದ್ದರೆ ಹತ್ತಿಸುವುದು ತಡ, ಹತ್ತಿದ ಮೇಲೆ ಹೊಗೆಯಿಲ್ಲದ ಶುದ್ಧ ಕೆಂಡ. ಇಸ್ತ್ರಿಯವನಿಗೆ, ದಮ್ ಕೊಡುವ ಬಾವರ್ಚಿಗೆ ಬೇಕಾದದ್ದು ಎರಡನೆಯ ಬಗೆ.

ಮೂರು, ಬೂದಿ. ಮೂಸೆಯನ್ನು ತೆರೆದಿಟ್ಟು ಪೂರ್ತಿ ಸುಟ್ಟರೆ ಉಳಿಯುವುದು. ಮರದ ಸ್ವಂತ ಬೂದಿ ಸ್ವಲ್ಪವೇ. ಬೂದಿ 8, 10ಕ್ಕೆ ಏರಿದರೆ ತೊಗಟೆ ಹೆಚ್ಚಿದೆ, ಇಲ್ಲವೇ ಮಣ್ಣು ಸೇರಿದೆ ಎಂದು ತಿಳಿಯಬಹುದು.

ನಾಲ್ಕು, ಸ್ಥಿರ ಇಂಗಾಲ. ಇದನ್ನು ಬೇರೆಯಾಗಿ ತೂಗುವುದಿಲ್ಲ, ಲೆಕ್ಕ ಹಾಕುತ್ತಾರೆ. ನೂರರಲ್ಲಿ ಮೊದಲ ಮೂರನ್ನೂ ಕಳೆದರೆ ಉಳಿದದ್ದೇ ಇಂಗಾಲ. ಉದಾಹರಣೆಗೆ ತೇವ 6, ಆವಿಯಾಗುವ ವಸ್ತು 18, ಬೂದಿ 4 ಎಂದುಕೊಳ್ಳಿ. ಒಟ್ಟು 28. ಸ್ಥಿರ ಇಂಗಾಲ 72. ಕೆಂಡವಾಗಿ ಬಹಳ ಹೊತ್ತು ಕಾಯುವುದು ಈ 72ರ ಪಾಲು.

ಈ ಬಗೆಯ ಪರೀಕ್ಷೆಗೆ ನಮ್ಮ ದೇಶದಲ್ಲಿ ಕಲ್ಲಿದ್ದಲಿಗಾಗಿ ಭಾರತೀಯ ಮಾನಕ 1350 ಎಂಬ ಕ್ರಮ ಇದೆ. ಯುರೋಪಿನಲ್ಲಿ ಒಲೆಯ ಮೇಲೆ ಮಾಂಸ ಸುಡುವ ಇದ್ದಿಲಿಗೆಂದೇ 2005ರಲ್ಲಿ ಮಾನಕ ಹೊರಡಿಸಿದರು. ಅದರಂತೆ ಸ್ಥಿರ ಇಂಗಾಲ ನೂರಕ್ಕೆ 75ಕ್ಕಿಂತ ಕಡಿಮೆ ಇರಬಾರದು, ಬೂದಿ 8ನ್ನೂ ತೇವ 8ನ್ನೂ ದಾಟಬಾರದು. ಅಲ್ಲಿಯವರು "ಹಸಿ" ಎನ್ನುವ ಮಾತಿಗೆ ಒಂದು ಅಂಕಿ ಕೊಟ್ಟರು. ನಮ್ಮ ಹುಡುಗ ಕೇಳಿದ್ದೂ ಅದನ್ನೇ.

ಕಣ್ಣು, ಕಿವಿ ಮತ್ತು ಕೈ

ಹಳಬರು ಯಾವ ಯಂತ್ರವೂ ಇಲ್ಲದೆ ಇದ್ದಿಲನ್ನು ಆರಿಸುತ್ತಿದ್ದರು. ಅವರ ಪರೀಕ್ಷೆಗಳು ಸುಳ್ಳಲ್ಲ. ಚೆನ್ನಾಗಿ ಬೆಂದ ಇದ್ದಿಲನ್ನು ಮುರಿದರೆ ಒಳಗೆ ಕಪ್ಪಾಗಿ ಹೊಳೆಯುತ್ತದೆ, ಮರದ ಎಳೆಗಳು ಹಾಗೆಯೇ ಕಾಣುತ್ತವೆ. ಎರಡು ತುಂಡು ಬಡಿದರೆ ಲೋಹದಂತೆ ಟಣ್ ಎನ್ನುತ್ತದೆ. ಕೈಗೆ ಅಷ್ಟಾಗಿ ಮಸಿ ಹತ್ತುವುದಿಲ್ಲ. ಅರೆಬೆಂದ ಕೊಳ್ಳಿ ಕಂದು ಬಣ್ಣಕ್ಕಿರುತ್ತದೆ, ಬಡಿದರೆ ಕಟ್ಟಿಗೆಯ ಮಂದ ಸದ್ದು ಬರುತ್ತದೆ, ಉರಿಸಿದರೆ ಕಣ್ಣು ಉರಿಯುತ್ತದೆ.

ಗಟ್ಟಿತನವೂ ಒಂದು ಗುಣ. ಒಂದೇ ಡಬ್ಬಿಯಲ್ಲಿ ಜಾಲಿಯ ಇದ್ದಿಲು ತುಂಬಿ ತೂಗಿ, ಆಮೇಲೆ ಹತ್ತಿ ಕಟ್ಟಿಗೆಯದು ತುಂಬಿ ತೂಗಿ. ಜಾಲಿಯದು ಹೆಚ್ಚು ತೂಗುತ್ತದೆ. ಕಿಲೋ ಲೆಕ್ಕದಲ್ಲಿ ಎರಡರ ಶಾಖದಲ್ಲೂ ಬಹಳ ವ್ಯತ್ಯಾಸ ಇಲ್ಲದಿರಬಹುದು. ಆದರೆ ಇಸ್ತ್ರಿ ಪೆಟ್ಟಿಗೆಯ ಹೊಟ್ಟೆ ಇರುವುದು ಇಷ್ಟೇ. ಅದರಲ್ಲಿ ಹಿಡಿಸುವಷ್ಟರಲ್ಲಿ ಹೆಚ್ಚು ಹೊತ್ತು ಕಾಯುವುದು ಗಟ್ಟಿ ಇದ್ದಿಲು. ಹಾಗೆಯೇ ಸಾಗಿಸುವಾಗ ಮೆತ್ತಗಿನ ಇದ್ದಿಲು ನುಚ್ಚಾಗುತ್ತದೆ. ನುಚ್ಚು ಒಲೆಯ ಜಾಲರಿ ಮುಚ್ಚಿ ಗಾಳಿ ತಡೆಯುತ್ತದೆ.

ಆದರೆ ಕಣ್ಣು ಕಿವಿ ಹೇಳುವುದು "ಒಳ್ಳೆಯದು", "ಕೆಟ್ಟದ್ದು" ಎಂದಷ್ಟೇ. ಎಷ್ಟು ಒಳ್ಳೆಯದು ಎಂದು ಹೇಳುವುದಿಲ್ಲ. ಕೊಳ್ಳುವವನ ಕಣ್ಣು ಒಂದು ಹೇಳಿ ಮಾರುವವನ ಕಣ್ಣು ಇನ್ನೊಂದು ಹೇಳಿದರೆ, ಗೆಲ್ಲುವುದು ಯಾರ ಕೈಯಲ್ಲಿ ಹಣವಿದೆಯೋ ಅವರ ಕಣ್ಣು. ಅಂಕಿಗೆ ಮಾತ್ರ ಬಡವ ಬಲ್ಲಿದ ಎಂಬ ಭೇದವಿಲ್ಲ.

ಶಕ್ತಿಯ ಲೆಕ್ಕ

ಎನ್.ಸಿ.ಇ.ಆರ್.ಟಿ.ಯ ಎಂಟನೆಯ ತರಗತಿಯ ಪುಸ್ತಕದಲ್ಲಿ ದಹನದ ಪಾಠವಿತ್ತು. ಅದರಲ್ಲಿ ಇಂಧನಗಳ ಪಟ್ಟಿ ಇತ್ತು. ಸಗಣಿ ಕುಳ್ಳು ಕಿಲೋಗೆ 6,000ದಿಂದ 8,000 ಕಿಲೋಜೂಲ್, ಕಟ್ಟಿಗೆ 17,000ದಿಂದ 22,000, ಗ್ಯಾಸ್ 55,000 ಹೀಗೆ. ಕಟ್ಟಿಗೆಯ ಇದ್ದಿಲು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಅದನ್ನು ಇಲ್ಲಿ ಸೇರಿಸಿಕೊಳ್ಳಿ: ಒಳ್ಳೆಯ ಇದ್ದಿಲಿನ ಉಷ್ಣಮೌಲ್ಯ ಕಿಲೋಗೆ ಸುಮಾರು 28,000ದಿಂದ 33,000 ಕಿಲೋಜೂಲ್. ಕಿಲೋಕ್ಯಾಲರಿಯಲ್ಲಿ ಹೇಳುವುದಾದರೆ ಸುಮಾರು 7,000.

ಇದನ್ನು ಅಳೆಯುವ ಉಪಕರಣಕ್ಕೆ ಬಾಂಬ್ ಕ್ಯಾಲರಿಮೀಟರ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಅದು ದಪ್ಪ ಉಕ್ಕಿನ ಡಬ್ಬಿ. ಫ್ರಾನ್ಸಿನ ಬರ್ಥೆಲೋ ಎಂಬ ವಿಜ್ಞಾನಿ 19ನೆಯ ಶತಮಾನದಲ್ಲಿ ರೂಪಿಸಿದ್ದು. ಒಳಗೆ ಸುಮಾರು ಒಂದು ಗ್ರಾಂ ಇದ್ದಿಲಿನ ಪುಡಿ ಇಟ್ಟು, ಒತ್ತಡದಲ್ಲಿ ಆಮ್ಲಜನಕ ತುಂಬಿ, ನೀರಿನಲ್ಲಿ ಮುಳುಗಿಸಿ, ತಂತಿಯಿಂದ ಕಿಡಿ ಕೊಡುತ್ತಾರೆ. ನೀರು ಎಷ್ಟು ಬಿಸಿಯಾಯಿತು ಎಂಬುದರಿಂದ ಶಾಖದ ಲೆಕ್ಕ ಸಿಗುತ್ತದೆ.

ಈಗ ತೇವಾಂಶದ ನಷ್ಟ ನೋಡೋಣ. ಒಂದು ಕಿಲೋ ಇದ್ದಿಲಿನಲ್ಲಿ 90 ಗ್ರಾಂ ನೀರಿದ್ದರೆ, ಅಷ್ಟು ಜಾಗದಲ್ಲಿ ಒಣ ಇದ್ದಿಲಿದ್ದಿದ್ದರೆ ಸಿಗುತ್ತಿದ್ದ 630 ಕಿಲೋಕ್ಯಾಲರಿ ಹೋಯಿತು. ಆ ನೀರನ್ನು ಆವಿ ಮಾಡಲು ಇನ್ನೂ ಸುಮಾರು 55 ಹೋಗುತ್ತದೆ. ಅಂದರೆ ಹಸಿ ಇದ್ದಿಲಿನ ದೊಡ್ಡ ನಷ್ಟ ನೀರು ಒಣಗಿಸುವುದರಲ್ಲಿಲ್ಲ, ನೀರಿಗೆ ಹಣ ಕೊಡುವುದರಲ್ಲಿದೆ. ಕೊಳ್ಳುವವನ ದೂರಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ.

ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ನೂರು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 4,50,000 ಕಿಲೋಕ್ಯಾಲರಿ ಶಕ್ತಿ ಇದೆ. ಮಣ್ಣಿನ ಭಟ್ಟಿಯಲ್ಲಿ ಅದರಿಂದ 20 ಕಿಲೋ ಇದ್ದಿಲು ಬಂದರೆ ಸಿಗುವುದು 1,40,000. ಮೂರರಲ್ಲಿ ಒಂದು ಪಾಲೂ ಉಳಿಯಲಿಲ್ಲ. ಉಳಿದದ್ದು ಹೊಗೆಯಾಗಿ ಹೋಯಿತು. ಇಟ್ಟಿಗೆಯ ಭಟ್ಟಿಯಲ್ಲಿ 30 ಕಿಲೋವರೆಗೆ ಬಂದರೆ 2,10,000, ಅಂದರೆ ಅರ್ಧದ ಹತ್ತಿರ. ಹಾಗಾದರೆ ಇದ್ದಿಲು ಯಾಕೆ ಮಾಡಬೇಕು? ಹೊರಲು ಹಗುರ, ಹುಳ ಹಿಡಿಯುವುದಿಲ್ಲ, ಹೊಗೆ ಇಲ್ಲ, ತಿದಿ ಊದಿದರೆ ಕಬ್ಬಿಣ ಕೆಂಪಾಗುವಷ್ಟು ಕಾವು ಕೊಡುತ್ತದೆ. ಆದರೆ ಒಳ್ಳೆಯ ಮರ ಕಡಿದು ಇದ್ದಿಲು ಮಾಡುವುದು ದುಂದು. ಬೀಳು ನೆಲ ನುಂಗುತ್ತಿರುವ ಬಳ್ಳಾರಿ ಜಾಲಿಯಿಂದ ಮಾಡುವುದು ಬೇರೆ ಮಾತು. ಅಲ್ಲಿಯೂ ಕಾನೂನು ತಿಳಿದಿರಬೇಕು. 1927ರ ಭಾರತೀಯ ಅರಣ್ಯ ಕಾಯ್ದೆಯೇ ಇದ್ದಿಲನ್ನು, ಅದು ಕಾಡಿನಿಂದ ಬಂದಿರಲಿ ಬಿಡಲಿ, ಅರಣ್ಯ ಉತ್ಪನ್ನವೆಂದು ಎಣಿಸಿದೆ. ಸುಡುವ, ಸಾಗಿಸುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಕ್ಷೇಮ.

ಶಾಲೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

ವಿದ್ಯಾರ್ಥಿಗಳೇ, ಬಾಂಬ್ ಕ್ಯಾಲರಿಮೀಟರ್ ನಮ್ಮ ಶಾಲೆಗಳಲ್ಲಿಲ್ಲ. ಆದರೆ ಗ್ರಾಂ ತೋರಿಸುವ ತಕ್ಕಡಿ, ಜರಡಿ, ಥರ್ಮಾಮೀಟರ್ ಮತ್ತು ಎರಡು ಪಾತ್ರೆ ಇದ್ದರೆ ಬಹಳಷ್ಟು ತಿಳಿಯಬಹುದು. ಇವನ್ನು ಬಯಲಿನಲ್ಲಿ, ಶಿಕ್ಷಕರ ಎದುರಿನಲ್ಲಿಯೇ ಮಾಡಬೇಕು.

ಮೊದಲನೆಯದು ಮಾದರಿ ತೆಗೆಯುವುದು. ಚೀಲದ ಬಾಯಿಯಿಂದ ನಾಲ್ಕು ತುಂಡು ಎತ್ತಿದರೆ ಅದು ಮಾದರಿಯಲ್ಲ. ಬೇರೆ ಬೇರೆ ಚೀಲಗಳ ಮೇಲೆ, ನಡುವೆ, ತಳದಿಂದ ತೆಗೆದು, ಒಡೆದು, ಕಲಸಿ, ಗುಪ್ಪೆ ಮಾಡಿ ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದದ್ದು ಬಿಡಿ. ಬೇಕಾದಷ್ಟು ಕಡಿಮೆಯಾಗುವವರೆಗೆ ಹೀಗೆ ಮಾಡಿ. ಇದು ಸರಿಯಾಗದಿದ್ದರೆ ಮುಂದಿನ ಯಾವ ಅಳತೆಯೂ ಸರಿಯಾಗದು.

ಎರಡನೆಯದು ತೇವಾಂಶ. 500 ಗ್ರಾಂ ಮಾದರಿಯನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ, ಕುದಿಯುವ ನೀರಿನ ಪಾತ್ರೆಯ ಮೇಲೆ, ಆವಿ ತಟ್ಟೆಯೊಳಗೆ ಬರದಂತೆ ಇಡಿ. ಗಂಟೆಗೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ನಿಲ್ಲಿಸಿ. ಕಡಿಮೆಯಾದ ಗ್ರಾಂಗಳನ್ನು ಐದರಿಂದ ಭಾಗಿಸಿದರೆ ನೂರಕ್ಕೆ ಎಷ್ಟು ನೀರು ಎಂಬುದು ಬರುತ್ತದೆ. ಪ್ರಯೋಗಾಲಯದ ಉತ್ತರಕ್ಕಿಂತ ಇದು ತುಸು ಕಡಿಮೆ ಬರಬಹುದು, ಆದರೆ ಊಹೆಗಿಂತ ಎಷ್ಟೋ ಮೇಲು.

ಮೂರನೆಯದು ನುಚ್ಚು ಮತ್ತು ಮಣ್ಣು. ಒಂದು ಚೀಲವನ್ನು ಜರಡಿ ಹಿಡಿದು ಕೆಳಗೆ ಬಿದ್ದದ್ದನ್ನು ತೂಗಿ. ಅದರಲ್ಲಿ ಒಂದು ಹಿಡಿ ನೀರಿಗೆ ಹಾಕಿ. ಇದ್ದಿಲು ಹೆಚ್ಚಾಗಿ ತೇಲುತ್ತದೆ, ಮಣ್ಣು ಮರಳು ತಳ ಸೇರುತ್ತದೆ.

ನಾಲ್ಕನೆಯದು ನೀರು ಕಾಸುವ ಪರೀಕ್ಷೆ. ಒಂದೇ ಶೇಗಡಿ, ಒಂದೇ ಪಾತ್ರೆ, ಎರಡು ಲೀಟರ್ ನೀರು, 200 ಗ್ರಾಂ ಇದ್ದಿಲು. ಇದ್ದಿಲು ಮುಗಿಯುವವರೆಗೆ ಕಾಸಿ, ಎಷ್ಟು ನೀರು ಆವಿಯಾಯಿತು ಎಂದು ತೂಗಿ. ಉದಾಹರಣೆಗೆ ನೀರು 30 ಡಿಗ್ರಿಯಿಂದ 100ಕ್ಕೆ ಏರಿದರೆ 140 ಕಿಲೋಕ್ಯಾಲರಿ. 300 ಗ್ರಾಂ ಆವಿಯಾದರೆ, ಕಿಲೋಗೆ 540ರಂತೆ 162. ಒಟ್ಟು 302. ಇದ್ದಿಲಿನಲ್ಲಿದ್ದದ್ದು 1,400. ಅಂದರೆ ನೂರಕ್ಕೆ 22 ಪಾಲು ಮಾತ್ರ ಪಾತ್ರೆಗೆ ಸೇರಿತು. ಬೇರೆ ಇದ್ದಿಲು ಹಾಕಿ ಇದನ್ನೇ ಮಾಡಿದರೆ ಯಾವುದು ಮೇಲು ಎಂಬುದು ತಿಳಿಯುತ್ತದೆ. ಇದ್ದಿಲು ಅದೇ ಇಟ್ಟು ಶೇಗಡಿ ಬದಲಿಸಿದರೆ ಯಾವ ಶೇಗಡಿ ಮೇಲು ಎಂಬುದೂ ತಿಳಿಯುತ್ತದೆ.

ಪ್ರಾಣದ ಮಾತು

ಇಲ್ಲಿ ಪಾಲಕರು ಸ್ವಲ್ಪ ಗಮನವಿಟ್ಟು ಕೇಳಬೇಕು. ಇಂಗಾಲ ಪೂರ್ತಿ ಉರಿದರೆ ಕಾರ್ಬನ್ ಡೈ ಆಕ್ಸೈಡ್ ಆಗಿ ಕಿಲೋಗೆ ಸುಮಾರು 7,800 ಕಿಲೋಕ್ಯಾಲರಿ ಕೊಡುತ್ತದೆ. ಗಾಳಿ ಸಾಲದೆ ಅರ್ಧ ಉರಿದರೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ, ಆಗ ಸಿಗುವ ಶಾಖ 2,200ರ ಆಸುಪಾಸು. ಶಾಖವೂ ಹೋಯಿತು, ಬಂದದ್ದು ವಿಷ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಎಚ್ಚರವೇ ಇಲ್ಲ.

ಹೊಗೆ ಇಲ್ಲದ್ದರಿಂದ ಇದ್ದಿಲಿನ ಕೆಂಡ ಕ್ಷೇಮ ಎಂದು ಜನ ತಿಳಿಯುತ್ತಾರೆ. ತಪ್ಪು. ಎಷ್ಟೇ ಉತ್ತಮ ಗುಣದ ಇದ್ದಿಲಾದರೂ ಮುಚ್ಚಿದ ಕೋಣೆಯಲ್ಲಿ ಈ ಅನಿಲ ಹುಟ್ಟುತ್ತದೆ. ಚಳಿಗಾಲದಲ್ಲಿ ಬಾಣಂತಿಯ ಕೋಣೆಯಲ್ಲಿ, ಮಕ್ಕಳು ಮಲಗುವಲ್ಲಿ, ಬಾಗಿಲು ಕಿಟಕಿ ಮುಚ್ಚಿ ಶೇಗಡಿ ಇಡಬೇಡಿ. ಕಾಸಿಕೊಳ್ಳುವುದಿದ್ದರೆ ಬಾಗಿಲು ತೆರೆದಿಡಿ, ಮಲಗುವ ಮುಂಚೆ ಶೇಗಡಿಯನ್ನು ಹೊರಗೆ ಇಡಿ. ಇಂದಿನ ನನ್ನ ಮಾತಿನಲ್ಲಿ ಇಷ್ಟನ್ನೇ ನೆನಪಿಟ್ಟರೂ ನಾನು ಬಂದದ್ದು ಸಾರ್ಥಕ.

ಹುಡುಗನ ಚೀಲದ ಲೆಕ್ಕ

ಈಗ ಆ ಪ್ರಬಂಧಕ್ಕೆ ಮರಳುತ್ತೇನೆ. ಹುಡುಗನ ತಂದೆಯ ಒಪ್ಪಿಗೆ ಪಡೆದು ಮೂರು ಚೀಲಗಳಿಂದ ಮಾದರಿ ತೆಗೆದೆವು. 500 ಗ್ರಾಂ ಇದ್ದದ್ದು ಒಣಗಿದ ಮೇಲೆ 455 ಆಯಿತು. ತೇವಾಂಶ ನೂರಕ್ಕೆ 9.

ಹುಡುಗನ ಮುಖ ಸಪ್ಪೆಯಾಯಿತು. 40 ಕಿಲೋ ಚೀಲದಲ್ಲಿ 3 ಕಿಲೋ 600 ಗ್ರಾಂ ನೀರು. ಕೊಳ್ಳುವವನು ನಾಲ್ಕು ಕಿಲೋ ಮುರಿದದ್ದು ಸರಿಯೇ ಎನಿಸಿತು. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಒಣ ಎಂದು ಒಪ್ಪಿಕೊಳ್ಳುವ ಇದ್ದಿಲಿನಲ್ಲೂ ನೂರಕ್ಕೆ 5 ತೇವ ಇದ್ದೇ ಇರುತ್ತದೆ, ಅದಕ್ಕೆ ಯಾರೂ ತೂಕ ಮುರಿಯುವುದಿಲ್ಲ. ಆ ಚೀಲದಲ್ಲಿ ಪೂರ್ತಿ ಒಣ ಇದ್ದಿಲು 36 ಕಿಲೋ 400 ಗ್ರಾಂ. ಅದನ್ನು ನೂರಕ್ಕೆ 5 ತೇವದ ಲೆಕ್ಕಕ್ಕೆ ತಂದರೆ 38 ಕಿಲೋ 300 ಗ್ರಾಂ. ನ್ಯಾಯವಾಗಿ ಮುರಿಯಬೇಕಾದದ್ದು 1 ಕಿಲೋ 700 ಗ್ರಾಂ. ನಾಲ್ಕಲ್ಲ.

ಜರಡಿ ಹಿಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಒಂದು ಚೀಲದಲ್ಲಿ ಮೂರು ಕಿಲೋ ನುಚ್ಚಿತ್ತು, ಅದರಲ್ಲಿ ಮಣ್ಣೂ ಇತ್ತು. ಕೇಳಿದರೆ ತಂದೆ ಮುಚ್ಚಿಡದೆ ಹೇಳಿದ: "ಅವಸರ ಇತ್ರೀ ಸರ್. ಭಟ್ಟಿ ಪೂರ್ತಿ ಆರೂದಕ್ಕ ಬಿಡಲಿಲ್ಲ, ನೀರ ಹೊಡದು ತಗದೆ. ಕೆಳಗಿಂದೂ ಬಾಚಿ ತುಂಬಿದೆ." ಹಸಿಗೂ ಮಣ್ಣಿಗೂ ಕಾರಣ ಅಲ್ಲಿಯೇ ಇತ್ತು. ಅಳತೆ ನಮ್ಮ ಪರವಾಗಿಯೂ ಮಾತಾಡಿತು, ನಮ್ಮ ವಿರುದ್ಧವಾಗಿಯೂ ಮಾತಾಡಿತು.

ಕೊಳ್ಳುವವನಿಗೆ ಆ ಕಾಗದ ತೋರಿಸಿದೆವು. ಅವನು ಕೆಟ್ಟ ಮನುಷ್ಯನಲ್ಲ. ಬೇರೆಯವರ ಹಸಿ ಮಾಲಿನಿಂದ ಅವನೂ ಪೆಟ್ಟು ತಿಂದಿದ್ದ. ನುಚ್ಚು ಜರಡಿ ಹಿಡಿದು ಕೊಟ್ಟರೆ ಚೀಲಕ್ಕೆ ಎರಡು ಕಿಲೋ ಮಾತ್ರ ಮುರಿಯುತ್ತೇನೆ ಎಂದು ಆ ಸಲದ ಮಾಲಿಗೆ ಒಪ್ಪಿದ. ಮುಂದಿನ ಭಟ್ಟಿಯನ್ನು ತಂದೆ ಎರಡು ದಿನ ಹೆಚ್ಚು ಮುಚ್ಚಿಟ್ಟ, ಚೀಲಗಳ ಮೇಲೆ ತಾಡಪತ್ರಿ ಹೊದಿಸಿದ. ಇದರಿಂದ ಅವರ ಬಡತನ ಹೋಗಲಿಲ್ಲ. ಚೀಲಕ್ಕೆ ಎರಡು ಕಿಲೋ ಉಳಿಯಿತು, ಅಷ್ಟೇ. ಆದರೆ "ಹಸಿ ಅದ" ಎಂಬ ಮಾತಿಗೆ ಆ ಮನೆಯವರು ಈಗ "ಎಷ್ಟು?" ಎಂದು ಕೇಳುತ್ತಾರೆ.

ತೂಕದ ಯಂತ್ರಕ್ಕೆ ಸರ್ಕಾರದ ಮುದ್ರೆ ಬೇಕೆಂದು 2009ರ ಕಾನೂನು ಮಾಪನ ಕಾಯ್ದೆ ಹೇಳುತ್ತದೆ. ಯಂತ್ರ ಸರಿಯಿದ್ದರೂ, ತೂಗಿದ ಮೇಲೆ ಬಾಯಿಮಾತಿನಲ್ಲಿ ಮುರಿಯುವುದಕ್ಕೆ ಮುದ್ರೆ ಒತ್ತುವವರು ಯಾರು? ಓದಿದ ಮಕ್ಕಳೇ ಒತ್ತಬೇಕು. ತೊಗರಿಗೆ, ಹತ್ತಿಗೆ, ಭತ್ತಕ್ಕೆ, ಮೆಣಸಿನಕಾಯಿಗೆ ಇದೇ ಮಾತು ಸಲ್ಲುತ್ತದೆ.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಪ್ರತಿ ವರ್ಷ ಬಹುಮಾನವಾಗಿ ಕಪ್ಪು, ಫಲಕ ಕೊಡುತ್ತೇವೆ. ಒಂದು ವರ್ಷ ನಮ್ಮ ಮೂರು ತಾಲೂಕುಗಳ ಒಂದೊಂದು ಶಾಲೆಗೆ ಗ್ರಾಂ ತೋರಿಸುವ ತಕ್ಕಡಿ, ಥರ್ಮಾಮೀಟರ್ ಮತ್ತು ಜರಡಿ ಕೊಡೋಣ. ವಿದ್ಯಾರ್ಥಿಗಳು ತಮ್ಮ ಮನೆಯ ದುಡಿಮೆಯಲ್ಲಿ ಅಳೆಯಬೇಕಾದದ್ದು ಏನಿದೆ ಎಂದು ಹುಡುಕಲಿ, ಅಳೆದು ಬರೆದು ತರಲಿ. ಕನ್ನಡದಲ್ಲಿ ಬರೆದರೂ ಉರ್ದುವಿನಲ್ಲಿ ಬರೆದರೂ ತಿದ್ದಿಕೊಡುವ ಕೆಲಸ ನನ್ನದು. ಕಾಗುಣಿತವನ್ನಷ್ಟೇ ತಿದ್ದುತ್ತೇನೆ, ಪ್ರಶ್ನೆಯನ್ನಲ್ಲ.